ಆಗ್ನೇಯಕ್ಕೆ ತಿರುಗಿದ ಡಿಶ್

ಝಾಲಕಾಠಿ
೧೯ ಅಕ್ಟೋಬರ್ ೨೦೧೯, ಶನಿವಾರ

ಪ್ರೀತಿಯ ಮಗಳು ಝುಮೂರ್‌ಗೆ,

ನಿನ್ನ ಅಬ್ಬಾನ ದುವಾ. ಹೇಗಿದ್ದೀಯ ತಾಯಿ? ಹೊಟ್ಟೆಯ ಉರಿ ಕಡಿಮೆಯಾಯಿತೇ? ಪಾಳಿಗೆ ಹೋಗುವ ಅವಸರದಲ್ಲಿ ಬೆಳಿಗ್ಗೆ ಬರೀ ಚಹಾ ಕುಡಿದು ಓಡುತ್ತೀಯೆಂದು ನಿನ್ನ ಅಮ್ಮ ದಿನಕ್ಕೆರಡು ಸಲ ನನ್ನ ಮುಂದೆ ಹೇಳುತ್ತಾಳೆ, ಆ ಚಹಾವನ್ನು ನಾನೇ ಕಾಯಿಸಿ ಕೊಟ್ಟೆನೇನೋ ಎಂಬಂತೆ. ಒಂದು ಹಿಡಿ ಅವಲಕ್ಕಿ, ಒಂದು ಬಾಳೆಹಣ್ಣಾದರೂ ತಿಂದು ಹೋಗು. ಇಲ್ಲಿ ನಾವು ಕ್ಷೇಮ. ಅಮ್ಮನ ಮೊಣಕಾಲು ಅಮಾವಾಸ್ಯೆ ಹುಣ್ಣಿಮೆಗೆ ಹಿಡಿದುಕೊಳ್ಳುವುದು ಬಿಟ್ಟಿಲ್ಲ. ನನ್ನ ಕೆಮ್ಮು ಹೋಗಿದೆ, ಬೀಡಿ ಪೂರ್ತಿ ಹೋಗಿಲ್ಲ. ಹಿತ್ತಲ ಅಮಟೆಮರ ಈ ಸಲ ಕೊಂಬೆ ಮುರಿಯುವಷ್ಟು ಕಾಯಿ ಬಿಟ್ಟಿದೆ. ಹಿಲ್ಸಾ ಮೀನಿನ ಮಾತೆತ್ತಬೇಡ. ಮೊಟ್ಟೆಯಿಡುವ ಕಾಲವೆಂದು ಇಪ್ಪತ್ತೆರಡು ದಿನ ಬಲೆ ಹಾಕುವಂತಿಲ್ಲ, ನದಿಯಲ್ಲಿ ಪೊಲೀಸರ ದೋಣಿಯೇ ಮೀನಿಗಿಂತ ಹೆಚ್ಚು ಓಡಾಡುತ್ತಿದೆ.

ಜೇಬಿನಲ್ಲಿ ಫೋನಿಟ್ಟುಕೊಂಡು ಅಬ್ಬಾ ಕಾಗದ ಬರೆಯುತ್ತಿದ್ದಾನಲ್ಲ ಎಂದು ನಗಬೇಡ. ಫೋನಿನಲ್ಲಿ ನಮ್ಮಿಬ್ಬರ ಮಾತು ಹೇಗಿರುತ್ತದೆಂದು ನಿನಗೂ ಗೊತ್ತು. ನೀನು "ಹೇಗಿದ್ದೀರಿ ಅಬ್ಬಾ" ಅನ್ನುತ್ತೀ, ನಾನು "ಹೂಂ" ಅನ್ನುತ್ತೇನೆ. ನೀನು "ಊಟ ಆಯ್ತಾ" ಅನ್ನುತ್ತೀ, ನಾನು "ತಾಳು, ಅಮ್ಮನಿಗೆ ಕೊಡ್ತೀನಿ" ಅನ್ನುತ್ತೇನೆ. ಎರಡು ವರ್ಷ ಹೀಗೆಯೇ ಕಳೆಯಿತು. ಎಂಟನೆಯ ಇಯತ್ತೆಯವರೆಗೆ ಓದಿದವನ ಅಕ್ಷರ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ನೀವು ನಮ್ಮ ದೇಶದ ಆ ಉಪಗ್ರಹವನ್ನು ಗಾಜೀಪುರದ ನಿಮ್ಮ ಕೇಂದ್ರದಲ್ಲಿ ಕೂತು ಪರದೆಯ ಮೇಲೆ ನೋಡುತ್ತೀರಿ, ಅದರ ಉಸಿರು, ಜ್ವರ, ನಡಿಗೆ ಎಲ್ಲ ನಿಮಗೆ ತಿಳಿಯುತ್ತದೆ. ಆದರೆ ಅದು ನಮ್ಮ ಬೀದಿಗೆ ಹೇಗೆ ಬಂದು ಮುಟ್ಟಿತೆಂದು ನಿಮ್ಮ ಕಂಪನಿಯ ಯಾವ ವರದಿಯಲ್ಲೂ ಯಾರೂ ಬರೆದಿರಲಾರರು. ಅದನ್ನು ನಾನು ಬರೆಯುತ್ತೇನೆ.

ಸೆಪ್ಟೆಂಬರ್ ಮೊದಲ ವಾರ ಡಿಶ್ ಲೈನಿನವರಿಗೆಲ್ಲ, ಮನೆಮನೆಗೆ ಟಿವಿ ವೈರು ಎಳೆಯುವ ನನ್ನಂಥವರಿಗೆಲ್ಲ, ನಿಮ್ಮ ಕಂಪನಿಯಿಂದ ಕಾಗದ ಬಂತು. ನಮ್ಮ ದೇಶದ ಎಲ್ಲ ಚಾನೆಲ್ಲುಗಳೂ ಇನ್ನು ಮುಂದೆ ನಮ್ಮದೇ ಉಪಗ್ರಹದಿಂದ ಇಳಿಯುತ್ತವೆ, ತಿಂಗಳ ಕೊನೆಗೆ ಹಳೆಯ ಪರದೇಶದ ಉಪಗ್ರಹದಲ್ಲಿ ನಿಂತುಹೋಗುತ್ತವೆ, ಅಷ್ಟರೊಳಗೆ ಡಿಶ್ ತಿರುಗಿಸಿಕೊಳ್ಳಿ ಎಂದಿತ್ತು. ಯಾವ ದಿಕ್ಕು, ಎಷ್ಟು ಎತ್ತರ, ಯಾವ ಚಾನೆಲ್ ಎಲ್ಲಿ ಸಿಗುತ್ತದೆ, ಎಲ್ಲವನ್ನೂ ಮದುವೆಯ ಅಡುಗೆ ಪಟ್ಟಿಯಷ್ಟು ಅಚ್ಚುಕಟ್ಟಾಗಿ ಬರೆದಿದ್ದರು. ಕೊನೆಯಲ್ಲಿ ಒಂದು ಫೋನ್ ನಂಬರು. ನಾನು ಆ ಕಾಗದವನ್ನು ಮೂರು ಸಲ ಓದಿದೆ ಝುಮೂರ್. ಇಪ್ಪತ್ತಮೂರು ವರ್ಷ ನನ್ನ ಡಿಶ್ಶು ನೈಋತ್ಯಕ್ಕೆ ಮುಖ ಮಾಡಿ, ಬೇರೆಯವರ ಉಪಗ್ರಹದ ಮುಂದೆ ಬಟ್ಟಲು ಹಿಡಿದುಕೊಂಡೇ ನಿಂತಿತ್ತು. ಢಾಕಾದಲ್ಲಿ ಕೂತು ನಮ್ಮ ಭಾಷೆಯಲ್ಲಿ ಸುದ್ದಿ ಓದುವ ಹೆಂಗಸಿನ ಮುಖ ಝಾಲಕಾಠಿಗೆ ಬರಬೇಕಾದರೂ ಪರರ ಅಂಗಳ ಹಾದೇ ಬರಬೇಕಿತ್ತು. ಇನ್ನು ಹಾಗಿಲ್ಲ. ಆ ಕಾಗದವನ್ನು ಮಡಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಪೇಟೆಯಲ್ಲಿ ಒಂದು ಸುತ್ತು ಹಾಕಿ ಬಂದೆ. ಕೆಲಸವೇನೂ ಇರಲಿಲ್ಲ, ಸುಮ್ಮನೆ ಸುತ್ತಿದೆ.

ಮನೆಗೆ ಬಂದು ಛಾವಣಿ ಹತ್ತಿ ದಿಕ್ಸೂಚಿ ಹಿಡಿದೆ. ಹೊಸ ಉಪಗ್ರಹ ಇರುವುದು ಆಗ್ನೇಯಕ್ಕೆ. ನಮ್ಮ ಮನೆಯ ಆಗ್ನೇಯಕ್ಕೆ ಏನಿದೆಯೆಂದು ನಿನಗೆ ಗೊತ್ತು. ನಿರಂಜನ್ ಕಾಕಾನ ಮೂರಂತಸ್ತಿನ ಮನೆ. ನಮ್ಮದು ಒಂದೇ ಅಂತಸ್ತು. ಎಷ್ಟು ಮೇಲೆ ನೋಡಿದರೂ ಅವನ ಮನೆಯ ಹಸಿರು ಗೋಡೆ, ಅದರ ಮೇಲೆ ಒಣಗಲು ಹಾಕಿದ ಅವನ ಲುಂಗಿ. ಉಪಗ್ರಹ ಆ ಲುಂಗಿಯ ಹಿಂದೆ ಎಲ್ಲೋ ಮೂವತ್ತಾರು ಸಾವಿರ ಕಿಲೋಮೀಟರ್ ದೂರದಲ್ಲಿ ನನಗಾಗಿ ಕಾಯುತ್ತಿತ್ತು.

ನಿರಂಜನ್ ಕರ್ಮಕಾರ್ ನನ್ನೊಡನೆ ಮಾತು ಬಿಟ್ಟು ಹದಿನಾಲ್ಕು ವರ್ಷವಾಯಿತು. ಆಗ ನಿನಗೆ ಹತ್ತು ವರ್ಷ. ದೊಡ್ಡವರ ಜಗಳ ಎಂದಷ್ಟೇ ಹೇಳಿ ಬಾಯಿ ಮುಚ್ಚಿಸಿದ್ದೆ. ಈಗ ಪೂರ್ತಿ ಹೇಳುತ್ತೇನೆ ಕೇಳು. ನಾವಿಬ್ಬರೂ ಸೇರಿ ಲೈನು ಶುರು ಮಾಡಿದ ಕಾಲಕ್ಕೆ ಝಾಲಕಾಠಿಯಲ್ಲಿ ಕೊಳ್ಳಲು ಡಿಶ್ ಎಲ್ಲಿತ್ತು? ನಿರಂಜನ್ ಅಲ್ಯೂಮಿನಿಯಂ ತಗಡು ತಂದು, ಮರದ ಸುತ್ತಿಗೆಯಿಂದ ಹದಿನೆಂಟು ದಿನ ಬಡಿದು ಬಡಿದು ಎಂಟಡಿಯ ಡಿಶ್ ಮಾಡಿದ. ಬಾಗು ಸರಿಯಿದೆಯೇ ಎಂದು ಸುಣ್ಣದ ದಾರ ಎಳೆದು ನೋಡುತ್ತಿದ್ದ, ಒಂದು ನೂಲು ತಪ್ಪಿದರೂ ಮತ್ತೆ ಬಡಿಯುತ್ತಿದ್ದ. ಆ ಡಿಶ್ಶಿನಲ್ಲಿ ಮೊದಲ ಚಿತ್ರ ಬಂದ ದಿನ ಅರ್ಧ ಪೇಟೆ ನಮ್ಮ ಅಂಗಳದಲ್ಲಿತ್ತು. ಒಂಬತ್ತು ವರ್ಷ ಅದು ನಮಗೆ ಅನ್ನ ಹಾಕಿತು. ಆಮೇಲೆ ಕಾರ್ಖಾನೆಯಲ್ಲಿ ಮಾಡಿದ ಚೀನಾ ಡಿಶ್ಶುಗಳು ಬಂದವು. ನಿರಂಜನ್ ಬಾಗೇರ್‌ಹಾಟ್‌ನ ತಂಗಿಯ ಮನೆಗೆ ಹೋಗಿದ್ದ ವಾರದಲ್ಲಿ ನಾನು ಒಂದನ್ನು ತಂದು ನಿಲ್ಲಿಸಿ, ಹಳೆಯದನ್ನು ಗುಜರಿಯವನ ಗಾಡಿಗೆ ಹಾಕಿಬಿಟ್ಟೆ. ವಾಪಸು ಬಂದವನು ಅಂಗಳದಲ್ಲಿ ನಿಂತು ಮೇಲೆ ನೋಡಿದ. ಬಹಳ ಹೊತ್ತು ನೋಡಿದ. "ಒಂದು ಮಾತು ಹೇಳಿ ಮಾರಬಹುದಿತ್ತು, ಮೊತಾಲೇಬ್" ಎಂದ. ಅಷ್ಟೇ. ಮರುದಿನದಿಂದ ಲೈನಿನ ಕೆಲಸಕ್ಕೆ ಬರಲಿಲ್ಲ. ಕುಲುಮೆಗೆ ಮರಳಿ ಕತ್ತಿ, ಈಳಿಗೆ, ಕುಡುಗೋಲು ಮಾಡುತ್ತ ಕೂತ, ಚೆನ್ನಾಗಿಯೇ ಬೆಳೆದ, ಮೂರಂತಸ್ತು ಕಟ್ಟಿದ. ಎದುರು ಸಿಕ್ಕರೆ ಅವನು ಛತ್ರಿ ಬಿಚ್ಚುತ್ತಿದ್ದ, ನಾನು ಮೂಗು ಒರೆಸಿಕೊಳ್ಳುತ್ತಿದ್ದೆ.

ಅವನ ಮನೆ ಬಾಗಿಲಿಗೆ ಹೋಗುವ ಬದಲು ನಾನು ಮಾಡದ ಸರ್ಕಸ್ಸಿಲ್ಲ. ನೀರಿನ ಟ್ಯಾಂಕಿನ ಮೇಲೆ ಬಿದಿರು ಕಟ್ಟಿ ಚಿಕ್ಕ ಡಿಶ್ ಏರಿಸಿದೆ, ಗಾಳಿಗೆ ಅದು ನಶೆ ಏರಿದವನ ತಲೆಯಂತೆ ತೂಗಾಡಿತು. ಶಾಲೆಯ ಛಾವಣಿ ಕೇಳಿದೆ, ಹೆಡ್‌ಮಾಸ್ತರರು ಒಪ್ಪಿದರು, ಆದರೆ ಅಲ್ಲಿಂದ ವೈರು ಎಳೆದರೆ ನಮ್ಮ ಮನೆ ತಲುಪುವಷ್ಟರಲ್ಲಿ ಸಿಗ್ನಲ್ಲಿನ ಪ್ರಾಣವೇ ಹೋಗುತ್ತಿತ್ತು. ದಿನ ಕಳೆಯುತ್ತಿತ್ತು. ಆರುನೂರು ಮನೆಯವರು ನನ್ನನ್ನು ನಂಬಿಕೊಂಡಿದ್ದಾರೆ, ದುರ್ಗಾಪೂಜೆ ಹತ್ತಿರ ಬಂದಿತ್ತು. ನದಿ ಘಾಟಿನ ಚಹಾದಂಗಡಿಯ ಲೋಕ್ಮಾನನ ನಾಲಿಗೆ ನಿನಗೆ ಗೊತ್ತಲ್ಲ. ಇಡೀ ಅಂಗಡಿಗೆ ಕೇಳುವಂತೆ, "ಏನು ಮೊತಾಲೇಬ್ ಭಾಯ್, ಮಗಳು ಆಕಾಶದಲ್ಲಿ ಕುದುರೆ ಓಡಿಸ್ತಾಳೆ, ಅಪ್ಪನಿಗೆ ಲಗಾಮು ಸಿಗ್ತಿಲ್ಲವಂತೆ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಚಹಾ ಮಾತ್ರ ಅರ್ಧಕ್ಕೇ ಬಿಟ್ಟು ಎದ್ದೆ.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನಿನ್ನ ಅಮ್ಮ ಅನ್ನ ಬಡಿಸುತ್ತ, "ಝುಮೂರ್ ಅಬ್ಬಾ, ದೇವರು ಬಾಯಿ ಕೊಟ್ಟಿದ್ದು ಪಾನ್ ಅಗಿಯೋಕೆ ಮಾತ್ರ ಅಲ್ಲ. ಹೋಗಿ ಕೇಳಿ" ಎಂದಳು. "ಅವನು ಮಾತಾಡಲ್ಲ" ಎಂದೆ. "ನೀವು ಮಾತಾಡಿ ನೋಡಿದ್ದೀರಾ?" ಎಂದಳು. ಆಮೇಲೆ ತಟ್ಟೆಗೆ ಬೇಳೆ ಹಾಕುತ್ತ ಬಹಳ ಸಾವಧಾನವಾಗಿ, ಹದಿನಾಲ್ಕು ವರ್ಷವೂ ಪ್ರತಿ ಈದಿಗೆ ತಾನು ಸೇಮಿಯಾ ಕಳಿಸಿದ್ದನ್ನೂ, ಪ್ರತಿ ಪೂಜೆಗೆ ಅವರ ಮನೆಯಿಂದ ತೆಂಗಿನ ಉಂಡೆ ಬಂದದ್ದನ್ನೂ ಹೇಳಿದಳು. ಆ ಉಂಡೆ ನಾನೇ ತಿಂದಿದ್ದೇನೆ ಝುಮೂರ್! ನಿನ್ನ ಸೋದರಮಾವನ ಮನೆಯದು ಎಂದುಕೊಂಡು ತಿಂದಿದ್ದೇನೆ, ಚೆನ್ನಾಗಿದೆಯೆಂದು ಎರಡನೇ ಸಲ ಕೇಳಿ ತಿಂದಿದ್ದೇನೆ.

ಮರುದಿನ ಬೆಳಿಗ್ಗೆ ಹೋದೆ. ನಿರಂಜನ್ ಕುಲುಮೆಯಲ್ಲಿ ಕೂತು ಒಂದು ಈಳಿಗೆಯ ಅಲಗನ್ನು ಮಸೆಯುತ್ತಿದ್ದ. ತಲೆ ಎತ್ತಲಿಲ್ಲ. ತಲೆಗೂದಲು ಪೂರ್ತಿ ಬೆಳ್ಳಗಾಗಿದೆ. ಇಷ್ಟು ಹತ್ತಿರದಿಂದ ನೋಡಿರಲಿಲ್ಲವಲ್ಲ, ನನಗದು ಗೊತ್ತೇ ಇರಲಿಲ್ಲ. ನಾನು ನಿಂತೇ ಇದ್ದೆ. ಅವನು ಅಲಗನ್ನು ಬೆಳಕಿಗೆ ಹಿಡಿದು ನೋಡುತ್ತ, "ಎಷ್ಟು ದಿನಕ್ಕೆ?" ಎಂದ. ನಾನು ತಡವರಿಸಿ, "ಹದಿನಾಲ್ಕು ವರ್ಷ ಆಯ್ತು" ಎಂದೆ. "ಅದು ನನಗೂ ಗೊತ್ತು. ನನ್ನ ಛಾವಣಿ ನಿನಗೆ ಎಷ್ಟು ದಿನಕ್ಕೆ ಬೇಕು ಅಂತ ಕೇಳಿದೆ" ಎಂದ. ನನ್ನ ಬಿದಿರಿನ ಸರ್ಕಸ್ಸನ್ನೆಲ್ಲ ಅವನು ಮೇಲಿನಿಂದ ಹದಿನೈದು ದಿನವೂ ನೋಡುತ್ತಿದ್ದನಂತೆ. "ನಿನ್ನೆ ಟ್ಯಾಂಕಿನ ಮೇಲೆ ಕುಣೀತಿದ್ದೆಯಲ್ಲ, ನನ್ನ ಹೆಂಡತಿ ಟಿವಿ ಬಿಟ್ಟು ನಿನ್ನನ್ನೇ ನೋಡಿದಳು" ಎಂದ. ನಾನು, "ಯಾವಾಗಲೂ ಬೇಕಾಗುತ್ತೆ ನಿರಂಜನ್, ಡಿಶ್ ಅಲ್ಲೇ ಇರಬೇಕು" ಎಂದೆ. ಅವನು ಈಳಿಗೆಯನ್ನು ಕೆಳಗಿಟ್ಟ. "ಇರಲಿ. ಆದರೆ ತಿರುಗಿಸೋನು ನಾನು. ನೀನು ಸಿಗ್ನಲ್ ಮೀಟರ್ ನೋಡಿ ಕೂಗು. ಆ ಕೆಲಸಕ್ಕೇ ನೀನು ಲಾಯಕ್ಕು" ಎಂದ. ಮೊದಲೂ ನಾವು ಹಾಗೆಯೇ ಮಾಡುತ್ತಿದ್ದೆವು. ನಾನು ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅದನ್ನೆಲ್ಲ ಬಿಟ್ಟು "ಗುಜರಿಯವನಿಗೆ ಹಾಕಿದ್ದು ತಪ್ಪು" ಎಂದು ಹೇಗೋ ಅಂದೆ. "ಹೂಂ, ತಪ್ಪು. ಹಗ್ಗ ತಂದಿದ್ದೀಯಾ?" ಎಂದ.

ಮಹಾಲಯದ ಹಿಂದಿನ ದಿನ ಡಿಶ್ ಏರಿಸಿದೆವು. ಬೋಲ್ಟುಗಳು ತುಕ್ಕು ಹಿಡಿದು ಬಿಚ್ಚಲು ಬರಲಿಲ್ಲ, ಇಡಿಯದನ್ನೇ ಹಗ್ಗ ಕಟ್ಟಿ ಗೋಡೆಯ ಪಕ್ಕದಿಂದ ಎಳೆದೆವು. ಎರಡನೇ ಅಂತಸ್ತಿನ ಸಜ್ಜಾಕ್ಕೆ ತಾಗಿ ಅಂಚು ಒಳಕ್ಕೆ ಬಗ್ಗಿತು. ಇಡೀ ಪೇಟೆಯ ಟಿವಿ ಆ ಅಂಚಿನಲ್ಲಿ ಇದೆಯಲ್ಲ. ನಿರಂಜನ್ ಕೆಳಗೆ ಹೋಗಿ ಮರದ ಸುತ್ತಿಗೆ ತಂದ. ಡಿಶ್ಶನ್ನು ಮಗುಚಿ, ತೊಡೆಯ ಮೇಲೆ ಅಂಚನ್ನಿಟ್ಟುಕೊಂಡು, ಮೆಲ್ಲಗೆ, ಬಹಳ ಮೆಲ್ಲಗೆ ಬಡಿಯತೊಡಗಿದ. ನಡುನಡುವೆ ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡುತ್ತಿದ್ದ. ಒಂದು ತಾಸು ಹಿಡಿಯಿತು. ಅಂಚು ಎಲ್ಲಿ ಬಗ್ಗಿತ್ತೆಂದು ಆಮೇಲೆ ನನಗೆ ಹುಡುಕಲಾಗಲಿಲ್ಲ. "ಚೀನಾದವರು ತಗಡು ತೆಳ್ಳಗೆ ಮಾಡ್ತಾರೆ. ಬಾಗು ಮಾತ್ರ ಸರಿಯಿದೆ ನನ್ಮಗಂದು" ಎಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಆದರೆ ಚಿತ್ರ ಬರಲಿಲ್ಲ. ಅವನು ಕೂದಲೆಳೆಯಷ್ಟು ತಿರುಗಿಸುವುದು, ನಾನು ಮೀಟರ್ ನೋಡಿ "ಇಲ್ಲ... ಇಲ್ಲ... ಸ್ವಲ್ಪ ಇತ್ತು, ಹೋಯ್ತು" ಎಂದು ಕೂಗುವುದು. ಎರಡು ತಾಸು ಹೀಗೆಯೇ. ಕೊನೆಗೆ ಆ ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆ ಒಬ್ಬ ಹುಡುಗಿ, ಹೆಸರು ಫಾರ್ಹಿನ್ ಎಂದಳು. ನಾನು ಎಷ್ಟೋ ಕಚೇರಿಗಳಿಗೆ ಫೋನ್ ಮಾಡಿದ್ದೇನೆ ಝುಮೂರ್, ಯಾರೂ ನನಗೆ "ಚಾಚಾ, ನೀವು ಈಗ ಛಾವಣಿಯ ಮೇಲೆ ಇದ್ದೀರಾ? ಬಿಸಿಲಿದೆಯಾ? ಫೋನ್ ಇಡಬೇಡಿ, ಸಿಗೋವರೆಗೂ ನಾನು ಲೈನಿನಲ್ಲಿರ್ತೀನಿ" ಎಂದವರಿಲ್ಲ. ಮೀಟರಿನಲ್ಲಿ ಏನು ತೋರಿಸುತ್ತಿದೆ, ದಿಕ್ಸೂಚಿಯ ಹತ್ತಿರ ಕಬ್ಬಿಣ ಏನಾದರೂ ಇದೆಯೇ ಎಂದು ಕೇಳಿದಳು. ಕಬ್ಬಿಣ ಇತ್ತು! ನಿರಂಜನನ ಛಾವಣಿಯ ತುಂಬ ಹಳೆಯ ಕಬ್ಬಿಣದ ರಾಶಿ. ಕಮ್ಮಾರನ ಮನೆಯಲ್ಲಿ ದಿಕ್ಸೂಚಿ ದಿಕ್ಕೆಟ್ಟಿತ್ತು. ನಾವು ದೂರ ಸರಿದು ಅಳೆದು ನೋಡಿದರೆ ಇಡೀ ಒಂದು ಗೇಣು ತಪ್ಪಿದ್ದೆವು. ಆಮೇಲೆ ಅವಳು, "ಡಿಶ್ ಮುಂದಿನ ಎಲ್‌ಎನ್‌ಬಿ ಇದೆಯಲ್ಲ, ಅದನ್ನೂ ಸ್ವಲ್ಪ ತಿರುವಬೇಕು ಚಾಚಾ, ಹಳೇ ಉಪಗ್ರಹಕ್ಕೆ ಕೂರಿಸಿದ ಹಾಗೇ ಬಿಟ್ಟರೆ ಆಗಲ್ಲ" ಎಂದಳು. ನಿನಗೆ ನೆನಪಿದೆಯೇ, ನಾವು ಅದಕ್ಕೆ ಮೂತಿ ಅನ್ನುತ್ತಿದ್ದೆವು. ನಾನು ಫೋನಿನಲ್ಲಿ ಕೇಳಿ, "ಮೂತಿ ತಿರುಗಿಸು, ಮೂತಿ ತಿರುಗಿಸು" ಎಂದು ಕೂಗಿದೆ. ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದ ಯಾವನೋ ತನಗೇ ಹೇಳಿದ್ದೆಂದು ಮುಖ ಮೇಲೆತ್ತಿದ.

ಮೀಟರ್ ಎದ್ದಿತು. ಏರಿತು, ಮತ್ತೂ ಏರಿತು. ನಾನು "ನಿಲ್ಲಿಸು!" ಎಂದು ಚೀರಿದೆ. ಚಿಕ್ಕ ಟಿವಿಯಲ್ಲಿ ಮೊದಲು ಬಂದದ್ದು ಕೃಷಿ ಕಾರ್ಯಕ್ರಮ. ಹಾಗಲಕಾಯಿಗೆ ಬೀಳುವ ಹುಳುವಿನ ಬಗ್ಗೆ ಒಬ್ಬಾಕೆ ಹೇಳುತ್ತಿದ್ದಳು. ಎಂಥ ಚಿತ್ರ ಝುಮೂರ್! ಆ ಹುಳುವಿನ ಬೆನ್ನ ಮೇಲಿನ ಕೂದಲು ಎಣಿಸಬಹುದಿತ್ತು. ನಿರಂಜನ್ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಆಯಮ್ಮ ಈಗ ತಾನೇ ನಮ್ಮ ಕೊಳದಲ್ಲಿ ಮುಖ ತೊಳೆದು ಬಂದ ಹಾಗಿದ್ದಾಳೆ" ಎಂದ. ನಾವಿಬ್ಬರೂ ಹಾಗಲಕಾಯಿಯ ಹುಳು ಸಾಯುವವರೆಗೂ ಆ ಕಾರ್ಯಕ್ರಮ ನೋಡಿದೆವು. ಢಾಕಾದ ಸ್ಟುಡಿಯೋದಿಂದ ನಿಮ್ಮ ಅಂಗಳಕ್ಕೆ, ಅಲ್ಲಿಂದ ಆ ಎತ್ತರಕ್ಕೆ, ಅಲ್ಲಿಂದ ಈ ಕಮ್ಮಾರನ ಛಾವಣಿಗೆ. ನಡುವೆ ಪರರ ಮನೆ ಒಂದೂ ಇಲ್ಲ. ನನ್ನ ಕಣ್ಣು ಒದ್ದೆಯಾಗಿತ್ತು, ಬಿಸಿಲಿಗೆ ಎಂದೆ. ಅವನೂ ಬಿಸಿಲಿಗೇ ಎಂದ.

ಫಾರ್ಹಿನ್ ಇನ್ನೂ ಫೋನಿನಲ್ಲಿಯೇ ಇದ್ದಳು, ನಿರಂಜನನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ನಮ್ಮ ಕೂಗಾಟ ಕೇಳಿ ಅವಳೂ ನಗುತ್ತಿದ್ದಳು. "ಮುಬಾರಕ್ ಚಾಚಾ. ಯಾವ ಊರು ಅಂದಿರಿ? ಝಾಲಕಾಠಿನಾ? ಅಯ್ಯೋ, ನಮ್ಮ ಶಾಹನಾಜ್ ಆಪಾ ನಿಮ್ಮೂರಿನವರೇ! ಪಕ್ಕದ ಕೋಣೆಯಲ್ಲೇ ಇದ್ದಾರೆ, ಉಪಗ್ರಹ ನೋಡಿಕೊಳ್ಳೋ ಪಾಳಿಯಲ್ಲಿ. ಗೊತ್ತಾ ನಿಮಗೆ? ಕರೀಲಾ?" ಎಂದಳು. ಕಚೇರಿಯಲ್ಲಿ ನಿನ್ನನ್ನು ಝುಮೂರ್ ಎನ್ನದೆ, ಶಾಲೆಯ ಹೆಸರಿನಿಂದ ಶಾಹನಾಜ್ ಆಪಾ ಎನ್ನುತ್ತಾರೆಂದು ನನಗೆ ಅವತ್ತೇ ತಿಳಿದದ್ದು. ನಾನು, "ಇಲ್ಲಮ್ಮ, ಗೊತ್ತಿಲ್ಲ. ಊರು ದೊಡ್ಡದು" ಎಂದೆ. ಫೋನ್ ಇಟ್ಟೆ.

ನಿರಂಜನ್ ಸುತ್ತಿಗೆ ಒರೆಸುತ್ತಿದ್ದವನು ಕೈ ನಿಲ್ಲಿಸಿದ. ಬಹಳ ಹೊತ್ತು ನನ್ನ ಮುಖ ನೋಡಿದ, ಹದಿನಾಲ್ಕು ವರ್ಷದ ಹಿಂದೆ ಅಂಗಳದಲ್ಲಿ ನಿಂತು ಮೇಲೆ ನೋಡಿದಂತೆಯೇ. "ನಾನು ಮಾತು ಬಿಟ್ಟಿದ್ದು ಒಂದು ತಗಡಿಗೆ, ಮೊತಾಲೇಬ್. ಅದು ನಾನು ಬಡಿದಿದ್ದ ತಗಡು, ಇರಲಿ. ನೀನು ಯಾತಕ್ಕೆ ಬಿಟ್ಟಿದ್ದೀಯ? ಆ ಕೂಸು ನನ್ನ ಹೆಗಲ ಮೇಲೆ ಕೂತು ಉಪಗ್ರಹ ಎಲ್ಲಿದೆ ಕಾಕಾ, ನನಗ್ಯಾಕೆ ಕಾಣ್ತಿಲ್ಲ ಅಂತ ಅಳ್ತಿತ್ತು. ಈಗ ಅದರ ಪಕ್ಕದಲ್ಲೇ ಕೂತಿದೆ. ಗೊತ್ತಿಲ್ಲ ಅಂತೀಯಲ್ಲ, ನಾಲಿಗೆ ಹೇಗೆ ಬಂತು?" ಎಂದ. ನಾನು ವೈರು ಸುತ್ತುತ್ತ ಕೂತೆ.

ಇದಾದ ಮೇಲೆ ಮೂರು ವಾರ ಹೇಗೋ ತಳ್ಳಿದೆ. ನಡುವೆ ಒಂದು ತಮಾಷೆ ನಡೆಯಿತು, ಅದನ್ನು ಹೇಳದಿದ್ದರೆ ನಿನ್ನ ಕಂಪನಿಗೆ ಅನ್ಯಾಯ. ಅಕ್ಟೋಬರ್ ಮೊದಲಲ್ಲಿ ನಿಮ್ಮಿಂದ ಇನ್ನೊಂದು ಕಾಗದ ಬಂತು. ಇಂತಿಂಥ ದಿನ ಬೆಳಿಗ್ಗೆ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ, ಆಗ ಕೆಲವು ನಿಮಿಷ ಚಿತ್ರ ಹೋಗುತ್ತದೆ, ಡಿಶ್ ಕೆಟ್ಟಿದೆಯೆಂದು ತಿಳಿದು ತಿರುಗಿಸಬೇಡಿ ಎಂದು ಬರೆದು, ನಿಮಿಷದ ಸಮೇತ ಪಟ್ಟಿ ಕೊಟ್ಟಿದ್ದರು. ಹಳೆಯ ಉಪಗ್ರಹದಲ್ಲೂ ವರ್ಷಕ್ಕೆರಡು ಸಲ ಹೀಗೆ ಆಗುತ್ತಿತ್ತು, ಆದರೆ ಅದಕ್ಕೆ ಕಾರಣವಿದೆಯೆಂದು ನಮಗೆ ಹೇಳಿದವರು ಯಾರು? ನಾವು ಕಾಗೆಯನ್ನೋ ವೈರನ್ನೋ ಬೈದುಕೊಳ್ಳುತ್ತಿದ್ದೆವು. ನಾನು ಲೋಕ್ಮಾನನ ಅಂಗಡಿಯಲ್ಲಿ, "ನಾಳೆ ಬೆಳಿಗ್ಗೆ ಒಂಬತ್ತು ಮೂವತ್ತೇಳಕ್ಕೆ ಟಿವಿ ಹೋಗುತ್ತೆ, ಐದು ನಿಮಿಷಕ್ಕೆ ತಾನೇ ಬರುತ್ತೆ, ಯಾರೂ ನನಗೆ ಫೋನ್ ಮಾಡಬೇಡಿ, ಸೂರ್ಯ ಅಡ್ಡ ಬರ್ತಾನೆ" ಎಂದೆ. "ಸೂರ್ಯನೂ ನಿಮ್ಮ ಲೈನ್ ಕಡಿಯೋಕೆ ಶುರು ಮಾಡಿದನಾ ಭಾಯ್!" ಎಂದ ಲೋಕ್ಮಾನ್. ಮರುದಿನ ಅಂಗಡಿ ತುಂಬ ಜನ, ಎಲ್ಲರ ಕಣ್ಣೂ ಗೋಡೆಯ ಗಡಿಯಾರದ ಮೇಲೆ. ಮೂವತ್ತೇಳಕ್ಕೆ ಹಾಡುತ್ತಿದ್ದವನ ಬಾಯಿ ತೆರೆದಂತೆಯೇ ಚಿತ್ರ ಚೂರುಚೂರಾಗಿ ನಿಂತಿತು. ಐದು ನಿಮಿಷಕ್ಕೆ ಹಾಡು ವಾಪಸ್ಸಾಯಿತು. ಲೋಕ್ಮಾನ್ ಕೆಟಲು ಹಿಡಿದವನು ಹಾಗೆಯೇ ನಿಂತು, "ನಮ್ಮ ದೇಶದಲ್ಲಿ ನದಿಯ ಲಾಂಚು ಟೈಮಿಗೆ ಬರಲ್ಲ, ಡಾಕ್ಟರು ಟೈಮಿಗೆ ಬರಲ್ಲ, ಇದನ್ನ ಯಾರು ಲೆಕ್ಕ ಹಾಕಿದ್ದು?" ಎಂದ. ಅಂದು ನನ್ನ ಚಹಾಕ್ಕೆ ಅವನು ತಾನಾಗಿಯೇ ಎರಡು ಚಮಚ ಹಾಲು ಹೆಚ್ಚು ಹಾಕಿದ. ನನ್ನ ಮಗಳ ಕಚೇರಿಯವರು ಎಂದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು.

ಇನ್ನೊಂದು ಮಾತು. ಅದೇ ಉಪಗ್ರಹದಿಂದ ನೇರ ಮನೆಗೆ ಇಳಿಸಿಕೊಳ್ಳುವ ತಟ್ಟೆಯಷ್ಟಗಲದ ಚಿಕ್ಕ ಡಿಶ್ಶುಗಳು ಬಂದಿವೆ. ನಮ್ಮ ಬೀದಿಯಲ್ಲೇ ನಾಲ್ಕು ಮನೆಯವರು ಹಾಕಿಸಿ ನನ್ನ ಲೈನು ಬಿಟ್ಟರು. ನಾಳೆ ಇನ್ನಷ್ಟು ಜನ ಬಿಟ್ಟಾರು. ಅಮ್ಮ ಕೇಳಿದಳು, ಮಗಳ ಕಂಪನಿಯೇ ಅಪ್ಪನ ಅನ್ನ ಕಿತ್ತುಕೊಳ್ಳುತ್ತದೆಯೇ ಎಂದು. ನಾನು ಆ ವಾರವೇ ದೋಣಿಯಲ್ಲಿ ನದಿಯಾಚೆ ಮರಳುದಿಣ್ಣೆಯ ಊರಿಗೆ ಹೋಗಿದ್ದೆ. ಇಪ್ಪತ್ತಮೂರು ವರ್ಷದಲ್ಲಿ ನನ್ನ ವೈರಿಗೆ ಆ ನೀರು ದಾಟಲಾಗಲಿಲ್ಲ. ಕಂಬ ನೆಟ್ಟರೆ ದಡವೇ ಕುಸಿದು ಹೋಗುತ್ತಿತ್ತು. ಈಗ ಅಲ್ಲಿನ ಒಂದು ತಗಡಿನ ಮನೆಯ ಮೇಲೆ ಚಿಕ್ಕ ತಟ್ಟೆ ಆಗ್ನೇಯಕ್ಕೆ ಮುಖ ಮಾಡಿ ಕೂತಿದೆ. ಒಳಗೆ ಸೌರ ಬ್ಯಾಟರಿಯಲ್ಲಿ ಟಿವಿ ಓಡುತ್ತಿತ್ತು, ಹೆಂಗಸರು ಬಲೆ ಹೆಣೆಯುತ್ತ ಹವಾಮಾನದ ಸುದ್ದಿ ಕೇಳುತ್ತಿದ್ದರು. ನನಗಿಂತ ದೊಡ್ಡದು ಬಂದಾಗ ದಾರಿ ಬಿಡಬೇಕು ತಾಯಿ. ಹೊಟ್ಟೆ ಸ್ವಲ್ಪ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ನೋಡುತ್ತ ನಿಂತಾಗ ಎದೆ ತುಂಬಿತು, ಅದೂ ಸುಳ್ಳಲ್ಲ.

ಸಾಕು, ಬೆರಳು ನೋಯುತ್ತಿದೆ. ನಾಳೆ ಬೆಳಿಗ್ಗೆ ಇದನ್ನು ಕೊರಿಯರ್‌ಗೆ ಕೊಡುತ್ತೇನೆ. ಫಾರ್ಹಿನಳಿಗೆ ನನ್ನ ದುವಾ ಹೇಳು. ನಿನ್ನ ಜೊತೆ ಪಾಳಿ ಮಾಡುವವರಿಗೆಲ್ಲ ಹೇಳು. ಅಮ್ಮ ಒಳಗಿನ ಕೋಣೆಯಿಂದ, ಹಸಿದ ಹೊಟ್ಟೆಯಲ್ಲಿ ಇರಬೇಡ ಎಂದು ಮತ್ತೊಮ್ಮೆ ಬರೆಯಲು ಹೇಳುತ್ತಿದ್ದಾಳೆ. ಅಲ್ಲಾಹನು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಕೈಯಲ್ಲಿರುವ ಆ ಯಂತ್ರವನ್ನೂ ಅದರ ಜಾಗದಲ್ಲೇ ನೆಟ್ಟಗೆ ಇಟ್ಟಿರಲಿ.

ಇತಿ ನಿನ್ನ ಅಬ್ಬಾ,
ಅಬ್ದುಲ್ ಮೊತಾಲೇಬ್ ಹಾವಲಾದಾರ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಎರಡು ವರ್ಷದ ಹಿಂದೆ ನಿನ್ನ ಪದವಿ ಪ್ರದಾನದ ದಿನ ಆ ಕಪ್ಪು ಗೌನಿನಲ್ಲಿ ನೀನು ನಿನ್ನ ಮಾಸ್ತರರ ಜೊತೆ ನಿಂತಿದ್ದೆ. ಅವರು ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ನೀನು "ಝಾಲಕಾಠಿಯಲ್ಲಿ ಬಿಸಿನೆಸ್" ಎಂದೆ. ನಾನು ನಿನ್ನ ಚೀಲ ಹಿಡಿದುಕೊಂಡು ಹಿಂದೆಯೇ ನಿಂತಿದ್ದೆ. ಅದು ಸುಳ್ಳಲ್ಲ, ಆದರೂ ಆ ದಿನದಿಂದ ನಿನ್ನ ಫೋನ್ ಬಂದರೆ ಅಮ್ಮನ ಕೈಗೆ ಕೊಟ್ಟುಬಿಡುತ್ತಿದ್ದೆ. ನೀನು ಎಷ್ಟು ಕರೆದರೂ ಗಾಜೀಪುರಕ್ಕೆ ಬಾರದಿದ್ದದ್ದು ಕೆಲಸದಿಂದಲ್ಲ, ಅದರಿಂದ. ಫಾರ್ಹಿನಳ ಮುಂದೆ ನೀನು ನನಗೆ ಗೊತ್ತಿಲ್ಲ ಎಂದಾಗ, ಲೆಕ್ಕ ಸರಿಹೋಯಿತೆಂದು ಒಂದು ಕ್ಷಣ ಸಮಾಧಾನವಾಯಿತು ಮಗಳೇ, ಆಮೇಲೆ ಮೂರು ವಾರ ಸರಿಯಾಗಿ ಅನ್ನ ಸೇರಲಿಲ್ಲ. ನೀನು ನನ್ನ ಕೆಲಸವನ್ನಷ್ಟೇ ಮುಚ್ಚಿದ್ದೆ, ನಾನು ನಿನ್ನನ್ನೇ ಮುಚ್ಚಿಟ್ಟೆ. ನನ್ನ ತಪ್ಪು ದೊಡ್ಡದು. ಮಂಗಳವಾರ ಸಂಜೆಯ ಲಾಂಚಿಗೆ ನಾನೂ ನಿರಂಜನನೂ ಹೊರಡುತ್ತೇವೆ, ಬುಧವಾರ ಬೆಳಿಗ್ಗೆ ಢಾಕಾದ ಸದರ್‌ಘಾಟ್, ಅಲ್ಲಿಂದ ನಿನ್ನಲ್ಲಿಗೆ. ಕಾಳಿಪೂಜೆಗೆ ಅವನು ವಾಪಸ್ಸಿರಬೇಕು. ಅವನಿಗೆ ನಿಮ್ಮ ದೊಡ್ಡ ಡಿಶ್ಶಿನ ಬಾಗನ್ನು ಒಮ್ಮೆ ಕೈಯಿಂದ ಸವರಿ ನೋಡಬೇಕಂತೆ, ಅದಕ್ಕೆ ಅಪ್ಪಣೆ ಸಿಗದಿದ್ದರೆ ದೂರದಿಂದಲಾದರೂ ತೋರಿಸು. ಗೇಟಿನಲ್ಲಿ ಹೆಸರು ಬರೆಸುವಾಗ ಉದ್ಯೋಗ ಏನೆಂದು ಕೇಳಿದರೆ ಡಿಶ್ ಲೈನಿನವರು ಎಂದು ಬರೆಸು. ಬೇಡವೆನಿಸಿದರೆ ಬಿಸಿನೆಸ್ ಎಂದೇ ಬರೆಸು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಹೇಗೆ ಬರೆಸಿದರೂ ಈ ಸಲ ಒಳಗೆ ಬರುತ್ತೇನೆ.